ಕಿಟಕಿಯ ಗುಡ್ಡ

ಏನನ್ನಾದರೂ ಕಲಿಯಲು ಹೊರಟವರಿಗೆ ನನ್ನದೊಂದು ಸಲಹೆ: ಫೀಸಿನಲ್ಲಿ ಎಷ್ಟು ಬೇಕಾದರೂ ಎಳೆದಾಡಿ, ಪಾಠ ಮಾತ್ರ ಕಡಿಮೆ ಮಾಡಿಸಬೇಡಿ. ನಾನು ಮಾಡಿಸಿದೆ.

ಬಿಬವೇವಾಡಿಯಲ್ಲಿ ನನ್ನದು ಸ್ಟೀಲ್ ಪಾತ್ರೆಗಳ ಅಂಗಡಿ, ಮೇಲೆಯೇ ಮನೆ. ಅಡುಗೆಮನೆಯ ಕಿಟಕಿಯಿಂದ ಪರ್ವತಿ ಗುಡ್ಡವೂ ಅದರ ನೆತ್ತಿಯ ಗುಡಿಯೂ ಕಾಣುತ್ತಿದ್ದವು. ಮೊಣಕಾಲು ಹಿಡಿದ ಮೇಲೆ ನನ್ನ ಹೆಂಡತಿ ಅಲ್ಲಿನ ಮೆಟ್ಟಿಲು ಹತ್ತುವುದನ್ನು ಬಿಟ್ಟು, ದಿನಾ ಬೆಳಿಗ್ಗೆ ಕಿಟಕಿಯಿಂದಲೇ ಕೈಮುಗಿಯುತ್ತಿದ್ದಳು. ಆಗ ಎದುರಿನ ಜಾಗದಲ್ಲಿ ಕಟ್ಟಡ ಏಳತೊಡಗಿತು. ಮೂರನೆಯ ಸ್ಲ್ಯಾಬ್ ಬಿದ್ದಾಗ ಗುಡ್ಡ ಸೊಂಟದವರೆಗೆ ಮುಳುಗಿತು.

“ನಾಕನೇದು ಬಿದ್ರ ನನ್ನ ದೇವರೂ ಹೋದ,” ಎಂದಳು.

ರಸ್ತೆಗೆ ಹೋಗಿ ಒಂದು ಫೋಟೊ ತೆಗೆದು ತರುತ್ತೇನೆ ಎಂದೆ.

“ಅದು ರಸ್ತೇದವರ ಗುಡ್ಡ. ನನಗ ನನ್ನ ಕಿಟಕೀದು ಬೇಕು. ಗೋಡೆ ತುಂಬ ಬೇಕು.”

ಪಕ್ಕದ ಓಣಿಯಲ್ಲಿ ಒಬ್ಬ ಮರಾಠಿ ಮೇಡಂ ಫೋಟೊ ತೆಗೆಯುವುದನ್ನು ಐದು ಪಾಠಗಳಲ್ಲಿ ಕಲಿಸುತ್ತಿದ್ದರು. ಚಿತ್ರ ಬರೆಯುವುದಕ್ಕೆ ಬೇರೆ ಫೀಸು. ಐದರಲ್ಲಿ ಒಂದು ಪಾಠ ಬಿಡಿಸಿ, ಅದರ ಬದಲು ಲ್ಯಾಂಡ್‌ಸ್ಕೇಪ್ ಚಿತ್ರದ ಒಂದು ಪಾಠವನ್ನು ಕೊಸರಾಗಿ ಹಾಕಿಸಿಕೊಂಡೆ. ಯಾವುದನ್ನು ಬಿಡಲಿ ಎಂದು ಕೇಳಿದರು. ಕೊನೆಯದು ಬಿಡಿ, ಅಷ್ಟರಲ್ಲಿ ಬುದ್ಧಿ ಇದ್ದವನಿಗೆ ಎಲ್ಲ ತಿಳಿದಿರುತ್ತದೆ ಎಂದೆ.

ಬೆಳಕು ಬೆನ್ನಿಗಿರಲಿ, ಉಸಿರು ಹಿಡಿದು ಬಟನ್ ಒತ್ತಿ, ಚೌಕಟ್ಟಿನಲ್ಲಿ ಆಕಾಶಕ್ಕೆ ಮೂರರಲ್ಲೊಂದು ಪಾಲು ಕೊಡಿ ಎಂದು ಕಲಿಸಿದರು. ಏನೂ ಇಲ್ಲದ ಆಕಾಶಕ್ಕೆ ಅಷ್ಟು ಜಾಗವೇ? ನಾಲ್ಕರಲ್ಲೊಂದು ಮಾಡಿ ಎಂದೆ. “ಅಹೋ, ಆಕಾಶ ಆಹೇ, ಭಾಜಿ ನಾಹೀ!” ಎಂದು ಗದರಿದರು. ಆಕಾಶ ಕಾಯಿಪಲ್ಲೆ ಅಲ್ಲವಂತೆ.

ಅಷ್ಟರಲ್ಲಿ ನಾಲ್ಕನೆಯ ಸ್ಲ್ಯಾಬಿಗೆ ಹಲಗೆಗಳು ಬಂದಿಳಿದವು. ಮೇಸ್ತ್ರಿ ಬಿಜಾಪುರದ ಕಡೆಯವ ಎಂದು ತಿಳಿದು ಕೆಳಗಿಳಿದು ಹೋದೆ.

“ಮೇಸ್ತ್ರಿ, ಎಂಟ್ ದಿನ ತಡೀರಿ. ಗುಡ್ಡದ ಫೋಟೊ ಆಗಿಲ್ಲ.”

“ಎಂಟ್ ದಿನಾ? ಸಾವ್ಕಾರ್ರ, ಶೇಟ್ ನನ್ನ ಆ ಗುಡ್ಡದಾಗ ಹುಗೀತಾನ್ರಿ.”

“ಹೋಗ್ಲಿ, ನಾಕ್ ದಿನ.”

“ನಿಮ್ಮ ಸಲುವಾಗಿ ರವಿವಾರ ಒಂದಿನ ಬಿಡ್ತೀನಿ, ನೋಡ್ರಿ.”

ಮೂರು ಖಾನೆಯ ಟಿಫಿನ್ ಡಬ್ಬಿ ಕೊಟ್ಟು ಗೆದ್ದೆನೆಂದು ಬಂದೆ. ರವಿವಾರ ಅವರಿಗೆ ಹೇಗೂ ರಜೆ. ಹೆಂಡತಿ ಹೇಳುವವರೆಗೆ ನನಗೆ ಹೊಳೆಯಲಿಲ್ಲ.

ಮೇಡಂ ಕೊಟ್ಟ ಕ್ಯಾಮೆರಾದಲ್ಲಿ ಆ ದಿನ ಉಸಿರು ಹಿಡಿದು ಹಿಡಿದು ತಲೆ ತಿರುಗುವವರೆಗೆ ಫೋಟೊ ತೆಗೆದೆ. ಕಿಟಕಿಯ ಸರಳಿನ ತುಕ್ಕು, ಅದಕ್ಕೆ ನೇತುಹಾಕಿದ ಮಸಿಬಟ್ಟೆಯ ಎಳೆ ಎಳೆ ಅಚ್ಚುಕಟ್ಟಾಗಿ ಬಂದಿದ್ದವು. ಹಿಂದಿನ ಗುಡ್ಡ ಮಾತ್ರ ಹಳಸಿದ ಚಟ್ನಿಯಂತಿತ್ತು. ಮೇಡಂ ನೋಡಿ, “ಫೋಕಸ್ ಐದನೇ ಪಾಠ,” ಎಂದರು.

ಸೋಮವಾರ ಹಲಗೆ ಏರಿದವು, ಮುಂದಿನ ವಾರ ಸ್ಲ್ಯಾಬ್ ಬಿತ್ತು. ಗುಡಿ ಹೋಯಿತು. ಹೆಂಡತಿ ಕಿಟಕಿಯ ಕಡೆ ನೋಡುವುದನ್ನೇ ಬಿಟ್ಟಳು.

ಉಳಿದದ್ದು ಕೊಸರಿನ ಪಾಠ. ದೊಡ್ಡ ಹಾಳೆಯನ್ನು ಕಿಟಕಿಯ ಕೆಳಗಿನ ಅಡುಗೆಕಟ್ಟೆಯ ಮೇಲೆ ಹಾಸಿ, ಆಕಾಶಕ್ಕೆ ನೀಲಿ, ಗುಡ್ಡಕ್ಕೆ ಹಸಿರು ಬಳಿದು, ಅಂದಾಜಿನ ಮೇಲೆ ಗುಡಿ ಇಟ್ಟೆ. ಮೇಲಿನಿಂದ ದನಿ ಬಂತು.

“ಸಾವ್ಕಾರ್ರ, ಗುಡಿ ಎಡಕ್ ಹೋಗೇದ! ಬಲಕ್ ತಗೋರಿ!”

ಹೊಸ ಸ್ಲ್ಯಾಬಿನ ಅಂಚಿನಲ್ಲಿ ಮೇಸ್ತ್ರಿ ನಿಂತಿದ್ದ. ಅವನ ಬೆನ್ನ ಹಿಂದೆ, ನಮಗೆ ಕಾಣದ ಇಡೀ ಗುಡ್ಡವಿತ್ತು. ತಿರುಗಿ ನೋಡುತ್ತಿದ್ದ, ಬಗ್ಗಿ ನನ್ನ ಹಾಳೆ ನೋಡುತ್ತಿದ್ದ. ನಾನು ಗುಡಿಯನ್ನು ಒರೆಸಿ ಬಲಕ್ಕಿಟ್ಟೆ. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ಏ ಮೇಸ್ತ್ರಿ! ಗುಡಿ ಎಡಕ್ಕೇ ಅದ!”

“ಅಕ್ಕಾರ, ನಾ ಈಗ ನೋಡ್ಲಿಕತ್ತೀನ್ರಿ, ಕಣ್ಣಾರೆ!”

“ನೀ ಈಗ ನೋಡಾಂವ. ನಾ ಹದಿನೆಂಟ್ ವರ್ಷ ನೋಡೀನಿ!”

ಗಾರೆಯವರು ಕೆಲಸ ನಿಲ್ಲಿಸಿ ಎರಡು ಪಕ್ಷವಾದರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಒರೆಸಿ ಗುಡ್ಡದ ನೆತ್ತಿ ಬೋಳಾಯಿತು. ನಾನು ವ್ಯಾಪಾರಸ್ಥ, ನಡುವೆ ಇಡುತ್ತೇನೆ, ಇಬ್ಬರಿಗೂ ನಷ್ಟವಿಲ್ಲ ಎಂದೆ.

“ದೇವರ ಮುಂದನೂ ನಿಮ್ಮ ಚೌಕಾಶಿ ಏನ್ರಿ!” ಎಂದು ಅವಳು ನನ್ನ ಕೈಯಿಂದ ಕುಂಚ ಕಿತ್ತುಕೊಂಡಳು. ಒದ್ದೆ ಹಸಿರಿನ ಮೇಲೆ, ಎಡಕ್ಕೆ, ಒಂದು ಬಿಳಿ ಚುಕ್ಕೆ ಇಟ್ಟು ಅಲ್ಲೇ ಕೈಮುಗಿದು ನಿಂತಳು.

ಮೇಸ್ತ್ರಿ ಆ ನಮಸ್ಕಾರ ತನಗೇ ಎಂದುಕೊಂಡ. ಕೈಯಲ್ಲಿದ್ದ ಕರಣಿ ಕೆಳಗಿಟ್ಟು ತಾನೂ ಕೈಮುಗಿದ.

“ಇರ್ಲಿ ಬಿಡ್ರಿ ಅಕ್ಕಾರ, ಅಷ್ಟ್ಯಾಕ! ಗುಡಿ ಎಡಕ್ಕೇ ಇರ್ಲಿ!”