ಸಣ್ಣಾಕಿಗೆ ಕೊಟ್ಟ ಗುಳಿಗೆ

ಓರಗಿತ್ತಿಯ ಮೇಲೆ ನನಗಿದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಸಿಂಗರಿಸುವ ವಯಸ್ಸು ಈಗ ನನ್ನದಲ್ಲ. ಕಂಪ್ಲಿಯ ನಮ್ಮ ಅಕ್ಕಿ ಗಿರಣಿ ಮನೆಗೆ ಹಿರಿಯ ಸೊಸೆಯಾಗಿ ಬಂದು ಹದಿನಾಲ್ಕು ವರ್ಷ ಅತ್ತೆಯ ಮರ್ಜಿ ಹಿಡಿದವಳು ನಾನು. ಮೈದುನನ ಹೆಂಡತಿ ಕಾಲಿಟ್ಟು ಮೂರೇ ತಿಂಗಳಿಗೆ ಅತ್ತೆ, "ರೊಟ್ಟಿ ಅಂದ್ರ ಸಣ್ಣಾಕಿ ಬಡೀಬೇಕು ನೋಡು" ಎನ್ನತೊಡಗಿದರು. ಅವಳ ರೊಟ್ಟಿ ನಿಜಕ್ಕೂ ತೆಳ್ಳಗಿರುತ್ತಿತ್ತು. ನನಗೆ ಸಹಿಸಲಾಗದೆ ಹೋದದ್ದೇ ಅದು.

ನನ್ನದೆಂದು ಉಳಿದದ್ದು ಶ್ರಾವಣದ ಒಂದು ಶನಿವಾರ. ಅವತ್ತು ಅತ್ತೆ ನನ್ನ ಹೆಗಲು ಹಿಡಿದು ಅಂಜನಾದ್ರಿ ಬೆಟ್ಟ ಹತ್ತುತ್ತಿದ್ದರು. ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳುವಾಗ, ಮನೆಯಲ್ಲಿ ಯಾರ ಮುಂದೂ ಆಡದ ಮಾತುಗಳನ್ನು ನನ್ನ ಮುಂದೆ ಆಡುತ್ತಿದ್ದರು. ವರ್ಷಕ್ಕೊಮ್ಮೆ ನಾನು ಆ ಮನೆಯ ಮಗಳಾಗುತ್ತಿದ್ದೆ.

ಒಂದು ಚಳಿಗಾಲ ನನಗೆ ಉರಿಮೂತ್ರವಾಯಿತು. ಹೊಸಪೇಟೆಯ ಡಾಕ್ಟರಮ್ಮ ಸಿಪ್ರೊ ಗುಳಿಗೆ ಬರೆದುಕೊಟ್ಟರು. ಉರಿ ಎರಡು ದಿನಕ್ಕೆ ಹೋಯಿತು; ನಾಲ್ಕನೇ ದಿನ ಹಿಮ್ಮಡಿಯ ಮೇಲಿನ ನರ ಬಾತುಕೊಂಡು ಕಾಲು ಊರಲಾಗಲಿಲ್ಲ. ಡಾಕ್ಟರಮ್ಮ ಗುಳಿಗೆ ನಿಲ್ಲಿಸಿದರು. "ಈ ಜಾತಿ ಆಂಟಿಬಯಾಟಿಕ್ ಕೆಲವ್ರಿಗೆ ಹಿಂಗ ಮಾಡ್ತಾವ್ರಿ. ಇನ್ನೊಮ್ಮೆ ತಗೋಬ್ಯಾಡ್ರಿ. ನೋವಿದ್ದಾಗ ಮೆಟ್ಲ ಹತ್ತಿದ್ರ ನರಾನ ಹರೀತೈತಿ" ಎಂದರು. ಮನೆಯಲ್ಲಿ ಇದನ್ನೆಲ್ಲ ಹೇಳಲು ನಾಚಿಕೆಯಾಗಿ, ಕಾಲು ಉಳುಕಿದೆ ಎಂದೆ. ನೋವು ತಿಂಗಳುಗಟ್ಟಲೆ ಉಳಿಯಿತು. ಶ್ರಾವಣ ಬಂದಾಗ ಅತ್ತೆ ಅಕ್ಕರೆಯಿಂದಲೇ, "ನಿನ್ ಕಾಲು ಸರಿಯಿಲ್ಲವ್ವಾ, ಈ ಸಲ ಸಣ್ಣಾಕಿ ಬರ್ಲಿ" ಎಂದರು.

ಅದೇ ವಾರ ಸಣ್ಣಾಕಿ ಹಿತ್ತಲಿನಲ್ಲಿ ನನ್ನ ಹತ್ತಿರ ಬಂದು ನಿಂತಳು. "ಅಕ್ಕಾ, ಒಂದಕ್ಕ ಹೋದ್ರ ಭಾಳ ಉರೀತೈತ್ರಿ. ಅತ್ತಿ ಮುಂದ ಹೆಂಗ ಹೇಳ್ಲಿ?"

ಕಪಾಟಿನಲ್ಲಿ ಉಳಿದಿದ್ದ ಗುಳಿಗೆಗಳನ್ನು ತಂದುಕೊಟ್ಟೆ. ಹಾಲಿನ ಜೊತೆ ನುಂಗಬೇಡ ಎಂದೆ, ನೀರು ಜಾಸ್ತಿ ಕುಡಿ ಎಂದೆ. ಹಿಮ್ಮಡಿಯ ವಿಷಯ ಮಾತ್ರ ಎತ್ತಲಿಲ್ಲ. ಮರೆತಿರಲಿಲ್ಲ, ನಾಲಿಗೆಯ ತುದಿಯಲ್ಲೇ ಇತ್ತು. ಅವಳಿಗೂ ಒಂದಿಷ್ಟು ಕಾಲು ನೋಯಲಿ, ಶನಿವಾರ ಮನೆಯಲ್ಲಿ ಕೂರಲಿ ಅಂದುಕೊಂಡೆ.

ಅವಳು ಕೂರಲಿಲ್ಲ. ಶುಕ್ರವಾರವೇ ನೋವು ಶುರುವಾಗಿತ್ತಂತೆ. ಅತ್ತೆಗೆ ಬೇಸರವಾದೀತೆಂದು ಬಾಯಿ ಬಿಡದೆ ಹೊರಟಿದ್ದಳು. ಅರ್ಧ ಬೆಟ್ಟದಲ್ಲಿ ಯಾರೋ ಹಿಂದಿನಿಂದ ಕೋಲಿನಲ್ಲಿ ಹೊಡೆದಂತಾಗಿ ಕುಸಿದಳು. ನರ ಹರಿದಿತ್ತು. ಯಾವುದಾದರೂ ಗುಳಿಗೆ ತಗೊಂಡಿದ್ದೀರಾ ಎಂದು ಹೊಸಪೇಟೆಯ ಎಲುಬಿನ ಡಾಕ್ಟರು ಕೇಳಿದರಂತೆ. ಪಕ್ಕದಲ್ಲೇ ಅತ್ತೆ ನಿಂತಿದ್ದರಿಂದ ಇಲ್ಲ ಎಂದಳಂತೆ.

ಮರುದಿನ ಅವಳ ಕೋಣೆಗೆ ಹೋದೆ. ಪ್ಲಾಸ್ಟರ್ ಹಾಕಿದ ಕಾಲಿನ ಬೆರಳುಗಳನ್ನು ಅತ್ತೆ ಮೆಲ್ಲಗೆ ಒತ್ತುತ್ತಾ ಕೂತಿದ್ದರು. ಮೊದಲು ನನಗೆ ಆದದ್ದು ಪಶ್ಚಾತ್ತಾಪವಲ್ಲ. ತಿಂಗಳುಗಟ್ಟಲೆ ಕುಂಟಿದೆನಲ್ಲ, ಒಂದು ದಿನವಾದರೂ ನನ್ನ ಕಾಲು ಒತ್ತಿದ್ದರೇ ಎಂದು ಮೈಯೆಲ್ಲ ಉರಿಯಿತು.

ಅತ್ತೆ ಮಜ್ಜಿಗೆ ತರಲು ಎದ್ದುಹೋದ ಕೂಡಲೇ ಅವಳು ದಿಂಬಿನ ಕೆಳಗಿಂದ ಗುಳಿಗೆ ತೆಗೆದಳು. "ಇನ್ನ ಎರಡು ಉಳದಾವ್ರಿ ಅಕ್ಕಾ, ಒಂಚೂರು ನೀರು ಕೊಡ್ರಿ."

ನಾನು ಅದನ್ನು ಕಿತ್ತುಕೊಂಡೆ. "ನುಂಗಬ್ಯಾಡ. ನಿನ್ ಕಾಲು ಹೋಗಿದ್ದು ಇದರಿಂದನ. ನಂದೂ ಇದರಿಂದನ ಹೋಗಿತ್ತು. ಡಾಕ್ಟರಿಗೆ ಫೋನ್ ಹಚ್ಚಿ ಹೇಳ್ತೀನಿ."

ಅವಳು ನೀರಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. "ಕೊಡೋವಾಗ ಗೊತ್ತಿತ್ತೇನ್ರಿ?"

ಹೌದೆಂದು ತಲೆಯಾಡಿಸಿದೆ. ಅಷ್ಟರಲ್ಲಿ ಅತ್ತೆ ಮಜ್ಜಿಗೆ ಹಿಡಿದು ಬಂದು, "ಏನ್ ಮಾತಾಡಾಕತ್ತೀರಿ?" ಎಂದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ಏನಿಲ್ರಿ ಅತ್ತಿ, ಅಕ್ಕ ಕಾಲು ನೋಡಾಕ ಬಂದಾರ" ಎಂದಳು.

ಅವಳ ಕಾಲು ಮೊದಲಿನಂತಾಗಲಿಲ್ಲ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿಯುತ್ತಾಳೆ, ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಆ ವಿಷಯವನ್ನು ಮಾತ್ರ ಇವತ್ತಿನವರೆಗೂ ಅತ್ತೆಯ ಕಿವಿಗೆ ಹಾಕಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮಜ್ಜಿಗೆ ಲೋಟ ಕೈಗೆ ಬರುವ ಮೊದಲೇ ಹೇಳಿಬಿಡುತ್ತಿದ್ದೆ. ಇದು ನನಗೂ ಗೊತ್ತು, ಅವಳಿಗೂ ಗೊತ್ತು. ಈಗ ನನ್ನ ಹೊಟ್ಟೆಕಿಚ್ಚೆಲ್ಲ ಅವಳ ಆ ಗುಣದ ಮೇಲೆಯೇ.