ಹತ್ತನೆಯ ಮಣಿ

ಚಿಕ್ಕಲಸಂದ್ರದಲ್ಲಿ ಅಲ್ಲಲ್ಲಿ ಇನ್ನೂ ಹೆಂಚಿನ ಮನೆಗಳು ಉಳಿದಿದ್ದ ಕಾಲ ಅದು. ಬೆಳಗ್ಗೆ ಎಂಟೂವರೆಗೆ ಸ್ಕೂಲ್ ವ್ಯಾನುಗಳು ಬೀದಿಯ ಮಕ್ಕಳನ್ನೆಲ್ಲ ತುಂಬಿಕೊಂಡು ಹೋದ ಮೇಲೆ ಅಲ್ಲಿ ಉಳಿಯುತ್ತಿದ್ದದ್ದು ನಾಯಿಗಳು, ಮುದುಕರು ಮತ್ತು ನಾನು. ನನಗಾಗ ಒಂಬತ್ತು ವರ್ಷ. ಅಮ್ಮ ನನ್ನನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿದ್ದಳು. "ಯಾವ ಸ್ಕೂಲು ಪುಟ್ಟಿ?" ಎಂದು ಯಾರಾದರೂ ಕೇಳಿದರೆ "ಊಟದ ಟೇಬಲ್ ಸ್ಕೂಲು" ಎನ್ನುತ್ತಿದ್ದೆ. ಕೇಳಿದವರು ಅಮ್ಮನನ್ನು ಕನಿಕರದಿಂದ ನೋಡುತ್ತಿದ್ದರು.

ಮೊದಲ ಪಾಠ ಧರ್ಮೋಪದೇಶ, ಆಮೇಲೆ ಲೆಕ್ಕ, ಇಂಗ್ಲಿಷ್. ಕನ್ನಡ ಮಾತ್ರ ಅಜ್ಜಿಯದು. ಅಪ್ಪನ ತಾಯಿ ಲೂರ್ದಮ್ಮ, ಪಕ್ಕದಲ್ಲೇ ಇದ್ದ ನಮ್ಮ ಮನೆಯ ಓನರ್ ಜಯಮ್ಮ ಆಂಟಿಯ ಜೊತೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಲೇ ನನಗೆ ಉಕ್ತಲೇಖನ ಕೊಡುತ್ತಿದ್ದಳು. ಆ ಕಾಲದ ನನ್ನ ಕನ್ನಡ ಪುಸ್ತಕಗಳಿಗೆಲ್ಲ ಅವರೆಕಾಯಿಯ ಸೊಗಡು ಹತ್ತಿತ್ತು.

ಸಂಜೆ ಏಳಕ್ಕೆ ಎಲ್ಲರೂ ಮೊಣಕಾಲೂರಿ ಜಪಸರ ಹೇಳಬೇಕು. ಹತ್ತು ಹತ್ತು ಮಣಿಗಳ ಐದು ಗುಂಪು, ಮಣಿಗೊಂದು 'ನಮೋ ಮರಿಯಾ' ಪ್ರಾರ್ಥನೆ. ಅಜ್ಜಿಯ ಕಪ್ಪು ಮರದ ಜಪಸರವೊಂದೇ ಕೈಯಿಂದ ಕೈಗೆ ಸಾಗುತ್ತಿತ್ತು. ಅದು ಯಾರ ಕೈಯಲ್ಲಿದೆಯೋ ಅವರೇ ಎಣಿಸಿ ಮುನ್ನಡೆಸಬೇಕು. ಕೊನೆಯ ಹತ್ತು ಅಜ್ಜಿಯದು. ಅವಳಿಗೆ ಮಂಡಿನೋವು. ಒಂಬತ್ತು ಮುಗಿದು ಹತ್ತನೆಯ ಮಣಿ ಬಂದಾಗ "ಯೇಸಪ್ಪಾ..." ಎಂದು ಉದ್ದನೆಯ ಉಸಿರು ಬಿಟ್ಟು ಆಮೇಲೆ ಹೇಳುತ್ತಿದ್ದಳು. ಅದನ್ನು ಅಣಕಿಸಿ ನಾನು ಬೈಸಿಕೊಂಡದ್ದೂ ಉಂಟು.

ಆ ವರ್ಷ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು.

ನವೆಂಬರ್ ನಮಗೆ ಸತ್ತವರ ತಿಂಗಳು. ಎರಡನೇ ತಾರೀಕು ಸಮಾಧಿಗೆ ಸೇವಂತಿಗೆ ಹಾಕಿ ಮೇಣದಬತ್ತಿ ಹಚ್ಚಿ ಬಂದೆವು. ಮರುದಿನ ಧರ್ಮೋಪದೇಶದ ಪಾಠದಲ್ಲಿ ಕೇಳಿದೆ, "ಅಮ್ಮಾ, ಅಜ್ಜಿ ಈಗ ಎಲ್ಲಿದಾಳೆ?"

"ಸ್ವರ್ಗಕ್ಕೆ ಹೋಗೋ ದಾರೀಲಿ. ನಾವು ಒಂದೊಂದು ಜಪಸರ ಪೂರ್ತಿ ಮಾಡ್ದಾಗ್ಲೂ ಅಜ್ಜಿ ಒಂದೊಂದು ಮೆಟ್ಲು ಹತ್ತುತ್ತಾಳೆ."

"ಎಲ್ಲಾ ಹತ್ತಿ ಆದ್ಮೇಲೆ?"

"ದೇವರ ಹತ್ರ. ಅಲ್ಲಿಂದ ಯಾರು ವಾಪಸ್ ಬರ್ತಾರೆ ಹೇಳು?"

ಅಮ್ಮ ಸಮಾಧಾನಕ್ಕೆಂದೇ ಹೇಳಿದ್ದು. ನಾನು ಬೇರೆಯೇ ಲೆಕ್ಕ ಹಾಕಿದೆ. ಅಂದರೆ ಅಜ್ಜಿ ಇನ್ನೂ ದೂರ ಹೋಗಿಲ್ಲ. ಅವಳನ್ನು ದಿನಾ ಕಳಿಸುತ್ತಿರುವವರು ನಾವೇ.

ಕೊನೆಯ ಹತ್ತು ಈಗ ನನ್ನ ಪಾಲಿಗೆ ಬಂದಿತ್ತು. ಅಂದು ಸಂಜೆ ಒಂಬತ್ತು ಹೇಳಿದೆ, ಹತ್ತನೆಯ ಮಣಿಯನ್ನು ಹೆಬ್ಬೆರಳಿನಡಿ ಸುಮ್ಮನೆ ಸರಿಸಿಬಿಟ್ಟೆ. ಅಮ್ಮನ ಮಡಿಲಲ್ಲಿ ಎರಡು ವರ್ಷದ ತಮ್ಮ ಟೋಮಿ ಒದ್ದಾಡುತ್ತಿದ್ದ. ಬನಶಂಕರಿಯಿಂದ ಬಸ್ಸಿನಲ್ಲಿ ನಿಂತೇ ಬಂದ ಅಪ್ಪ ತೂಕಡಿಸುತ್ತಿದ್ದ. ಯಾರೂ ಎಣಿಸಲಿಲ್ಲ. ಜಪಸರ ಪೂರ್ತಿಯಾಗಲಿಲ್ಲ, ಅಜ್ಜಿ ಮೆಟ್ಟಿಲು ಹತ್ತಲಿಲ್ಲ. ನನಗೆ ಬಲು ಹೆಮ್ಮೆ.

ಅಮ್ಮ ಕೊನೆಯ ಗೀತೆ ಶುರುಮಾಡಿದಳು. ಆಗಲೇ ನನಗೆ ಅದು ಕೇಳಿಸಿದ್ದು.

ನಮ್ಮ ದೇವರ ಪೀಠ ಇದ್ದದ್ದು ಗೋಡೆಯ ಹಳೆಯ ಗೂಡಿನಲ್ಲಿ. ನಾನು ಅದಕ್ಕೆ ತೀರ ಹತ್ತಿರ ಕೂರುತ್ತಿದ್ದೆ. ಮರಿಯಾ ಮಾತೆಯ ಪ್ರತಿಮೆಯ ಹಿಂದಿನಿಂದ "ಯೇಸಪ್ಪಾ..." ಎಂಬ ಉಸಿರು ಬಂತು. ಅದರ ಹಿಂದೆಯೇ, ಪಿಸುಗುಟ್ಟಿದ ಹಾಗೆ, ನಾನು ಬಿಟ್ಟಿದ್ದ ಹತ್ತನೆಯ ನಮೋ ಮರಿಯಾ. ಟೋಮಿ ಒದ್ದಾಟ ನಿಲ್ಲಿಸಿದ. ಗೂಡಿನತ್ತ ಬೆರಳು ತೋರಿಸಿ "ಅಜ್ಜಿ" ಎಂದ. ಅಮ್ಮ ಹಾಡುತ್ತಲೇ ಅವನ ತಲೆ ಸವರಿದಳು.

ಗೋಡೆಯಾಚೆ ಇದ್ದದ್ದು ಜಯಮ್ಮ ಆಂಟಿಯ ಮನೆಯ ಹಳೇ ಉಗ್ರಾಣ. ನಮ್ಮ ಬೀದಿ ಹಳ್ಳಿಯಾಗಿದ್ದಾಗ ಅವರು ಅಲ್ಲಿ ರಾಗಿ ತುಂಬುತ್ತಿದ್ದರಂತೆ. ನಾನು ನೋಡಿದಾಗಲೆಲ್ಲ ಅದಕ್ಕೆ ಬೀಗವೇ. ಬೀಗ ಹಾಕಿದ ಕೋಣೆಯಲ್ಲಿ ಯಾರಿರುತ್ತಾರೆ?

ಮರುದಿನವೂ ಒಂದು ಮಣಿ ಕದ್ದೆ. ಮರುದಿನವೂ ಉಸಿರು ಬಂತು, ಪ್ರಾರ್ಥನೆ ಬಂತು. ಮೊದಲು ಖುಷಿಯಾಗಿತ್ತು. ಮಧ್ಯಾಹ್ನ ಬೀದಿ ಬಿಕೋ ಎನ್ನುವಾಗ ಗೂಡಿನ ಮುಂದೆ ಕೂತು ಅಜ್ಜಿಗೆ ಪಾಠ ಒಪ್ಪಿಸುತ್ತಿದ್ದೆ. ಬರಬರುತ್ತಾ ಖುಷಿಯೊಳಗೇ ಭಯ ಸೇರಿಕೊಂಡಿತು. ನಾನು ಬಿಟ್ಟದ್ದನ್ನು ಅಜ್ಜಿ ತಾನೇ ಯಾಕೆ ಹೇಳಿಕೊಳ್ಳುತ್ತಾಳೆ? ಅವಳಿಗೆ ಹೋಗಬೇಕೆಂದಿದೆಯೇ? ನಾನು ಸೆರಗು ಹಿಡಿದು ಜಗ್ಗುತ್ತಿದ್ದೇನೆಯೇ? ಅಮ್ಮನಿಗೆ ಹೇಳೋಣವೆಂದರೆ ಬಾಯಿ ಬರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಡಿಸೆಂಬರ್‌ನಲ್ಲಿ ಕ್ರಿಸ್ಮಸ್‌ಗೆಂದು ಅಮ್ಮ ಕಲ್‌ಕಲ್ ಎಂಬ ಗರಿಗರಿ ಸಿಹಿತಿಂಡಿ ಕರಿಯಲು ಶುರುಮಾಡಿದಳು. ಮನೆ ತುಂಬ ಎಣ್ಣೆ, ಸಕ್ಕರೆ ಪಾಕದ ಘಮ. ಅಂದು ಸಂಜೆಯೂ ಒಂಬತ್ತಕ್ಕೆ ನಿಲ್ಲಿಸಿದೆ. "ಯೇಸಪ್ಪಾ..." ಉಸಿರು ಬಂತು. ಪ್ರಾರ್ಥನೆ ಬರಲಿಲ್ಲ. ಗೀತೆ ಮುಗಿಯುವಷ್ಟರಲ್ಲಿ ಇನ್ನೊಮ್ಮೆ ಉಸಿರು. ಮತ್ತೂ ಒಮ್ಮೆ. ಯಾರೋ ಬಾಗಿಲಲ್ಲಿ ನಿಂತು ನಾನು ತೆಗೆಯಲೆಂದು ಕಾಯುತ್ತಿರುವ ಹಾಗೆ. ನಾನು ಜಪಸರವನ್ನು ಪೀಠದ ಮೇಲೆ ಬಿಸಾಡಿ ಅಮ್ಮನ ಸೀರೆಯೊಳಗೆ ಮುಖ ಹುದುಗಿಸಿದೆ.

ಬೆಳಗ್ಗೆ ಅಮ್ಮ ಒಂದು ಡಬ್ಬಿ ಕಲ್‌ಕಲ್ ಕೈಗಿಟ್ಟಳು. "ಜಯಮ್ಮ ಆಂಟಿಗೆ ನೆನ್ನೆಯಿಂದ ಜ್ವರವಂತೆ. ಕೊಟ್ಟು ಮಾತಾಡಿಸ್ಕೊಂಡು ಬಾ."

ಆಂಟಿ ಬೀದಿ ಕಡೆಯ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದರು. ನನ್ನನ್ನು ನೋಡಿದವರೇ ಕೇಳಿದರು, "ನೆನ್ನೆ ಹತ್ತನೇದು ಹೇಳೋಕೆ ನನ್ ಕೈಲಾಗ್ಲಿಲ್ಲ ಕಣವ್ವ. ನೀನೇ ಹೇಳ್ಕೊಂಡ್ಯಾ?"

ಡಬ್ಬಿಯೊಳಗೆ ಕಲ್‌ಕಲ್ ಗಲಗಲ ಎಂದಿತು. "ಆಂಟಿ, ಅದು ನೀವಾ?"

"ಮತ್ತಿನ್ಯಾರು? ನಿಮ್ಮಜ್ಜಿ ಹೇಳೋದ ಕೇಳಿ ಕೇಳಿ ಬಾಯಿಗೆ ಬಂದ್ಬಿಟ್ಟಿತ್ತು. ಏಳು ಗಂಟೆಗೆ ಉಗ್ರಾಣದ ಬೀಗ ತೆಗೆದು ಕೂತ್ಕೋತೀನಿ. ಲೂರ್ದಮ್ಮನ ಪಕ್ಕ ಕೂತಂಗೆ ಇರುತ್ತೆ. ನಮ್ಮನೇಲಿ ಹೇಳ್ಬೇಡ, ನಗ್ತಾರೆ. ನೀನು ಅದ್ಯಾಕೋ ಹತ್ತನೇದ ನುಂಗ್ಬಿಡ್ತಿದ್ದೆ. ಅಜ್ಜಿ ಹೆಸರಲ್ಲಿ ಹೇಳೋದು ಅರ್ಧ ಆಗ್ಬಾರ್ದು ಅಂತ ನಾನೇ ಹೇಳ್ತಿದ್ದೆ."

ಹಾಗಾದರೆ ಹಿಂದಿನ ಸಂಜೆಯೊಂದನ್ನು ಬಿಟ್ಟು ಜಪಸರ ಪ್ರತಿದಿನವೂ ಪೂರ್ತಿಯಾಗಿತ್ತು. ನಾನು ಹಿಡಿದಿಟ್ಟೆನೆಂದು ಬೀಗುತ್ತಿದ್ದಾಗ ಅಜ್ಜಿ ದಿನಕ್ಕೊಂದು ಮೆಟ್ಟಿಲು ಹತ್ತುತ್ತಲೇ ಇದ್ದಳು. ದುಃಖವೂ ಸಿಟ್ಟೂ ಒಟ್ಟಿಗೇ ಬಂದವು. ಅಳುತ್ತಲೇ ಕೇಳಿದೆ, "ಮತ್ತೆ ಅಜ್ಜಿ ಥರಾನೇ ಯಾಕೆ ಉಸಿರು ಬಿಡ್ತಿದ್ರಿ? ಯೇಸಪ್ಪಾ ಅಂತ?"

ಜಯಮ್ಮ ಆಂಟಿ ದಿಂಬಿನಿಂದ ತಲೆಯೆತ್ತಿದರು.

"ನಾನೆಲ್ಲಿ ಬಿಟ್ಟೆ? ಆ ಉಸಿರು ಕೇಳಿಸ್ದಾಗ್ಲೇ ತಾನೆ ಹತ್ತನೇದು ಬಂತು ಅಂತ ನಂಗೆ ಗೊತ್ತಾಗ್ತಿದ್ದದ್ದು. ನೀನು ಬಿಡ್ತಿದ್ದೆ ಅಂದ್ಕೊಂಡಿದ್ದೆ."

ಹಿಂದಿನ ಸಂಜೆ ಅವರು ಇದೇ ಮಂಚದ ಮೇಲೆ ಜ್ವರದಲ್ಲಿ ಮಲಗಿದ್ದರು. ಉಸಿರು ಮೂರು ಸಲ ಬಂದಿತ್ತು. ನಾನು ಅದನ್ನು ಹೇಳಿದೆ. ಆಂಟಿ ನನ್ನ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡರು. ಅವರ ಕೈ ಸುಡುತ್ತಿತ್ತು, ನನ್ನದು ತಣ್ಣಗಿತ್ತು. ಮೆಲ್ಲಗೆ ಅಂದರು, "ಕಾಯಿಸ್ಬೇಡ ಪುಟ್ಟಿ. ಪಾಪ, ಅವಳಿಗೆ ಮಂಡಿನೋವು."

ಅಂದು ಸಂಜೆ ಒಂಬತ್ತು ಹೇಳಿ ನಿಂತೆ. ಉಸಿರು ಬಂತು. ಟೋಮಿ ಗೂಡಿನತ್ತ ತಿರುಗಿದ. ನಾನು ಹತ್ತನೆಯ ಮಣಿಯನ್ನು ಗಟ್ಟಿಯಾಗಿ ಹಿಡಿದು, ಬೀದಿಗೆಲ್ಲ ಕೇಳುವಂತೆ ಪೂರ್ತಿ ಹೇಳಿದೆ. "ಇಷ್ಟು ಜೋರಾಗಾ?" ಎಂದು ಅಪ್ಪ ಬೆಚ್ಚಿ ಎಚ್ಚರಗೊಂಡ. ಆ ಉಸಿರು ಮತ್ತೆಂದೂ ಕೇಳಿಸಲಿಲ್ಲ.

ಈಗ ಆ ಮನೆಯೂ ಇಲ್ಲ, ಉಗ್ರಾಣವೂ ಇಲ್ಲ. ಅಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಎದ್ದಿದೆ. ಜಯಮ್ಮ ಆಂಟಿ ತೀರಿಕೊಂಡೂ ಕೆಲವು ವರ್ಷಗಳಾದವು. ಟೋಮಿ ಹಾಸ್ಟೆಲ್‌ನಲ್ಲಿದ್ದಾನೆ, ಅವನಿಗೆ ಇದ್ಯಾವುದೂ ನೆನಪಿಲ್ಲ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಸೇರಿ ಜಪಸರ ಹೇಳಲು ಹೋದರೆ ಒಬ್ಬರ ದನಿ ಇನ್ನೊಬ್ಬರಿಗಿಂತ ಹಿಂದೆ ಬೀಳುತ್ತದೆ. ಹಾಗಾಗಿ ಜೆ.ಪಿ. ನಗರದ ಬಾಡಿಗೆ ಮನೆಯಲ್ಲಿ ಒಬ್ಬಳೇ ಹೇಳಿಕೊಳ್ಳುತ್ತೇನೆ. ಗೋಡೆಯಾಚೆ ಇರುವವರ ಹೆಸರು ಎರಡು ವರ್ಷವಾದರೂ ನನಗೆ ಗೊತ್ತಿಲ್ಲ. ನನ್ನ ಪ್ರಾರ್ಥನೆ ಅವರಿಗೆ ಕೇಳಿಸುವುದೂ ಇಲ್ಲ.

ಕೊನೆಯ ಹತ್ತಿನಲ್ಲಿ ಒಂಬತ್ತಕ್ಕೆ ನಿಲ್ಲುತ್ತೇನೆ. ಫ್ಯಾನ್ ಆರಿಸಿ ಕಿವಿಗೊಡುತ್ತೇನೆ. ಏನೂ ಇಲ್ಲ. ಅಜ್ಜಿ ಮೆಟ್ಟಿಲೆಲ್ಲ ಹತ್ತಿ ಮುಗಿಸಿರಬೇಕು. ಖುಷಿಪಡಬೇಕಾದ ವಿಷಯ, ನನಗೆ ಮಾತ್ರ ಇವತ್ತಿಗೂ ಖುಷಿಯಾಗುವುದಿಲ್ಲ. ಇನ್ನೂ ಸ್ವಲ್ಪ ಕಾದು, ಆಮೇಲೆ ಹತ್ತನೆಯದನ್ನು ಜಯಮ್ಮ ಆಂಟಿಯ ಹೆಸರಿನಲ್ಲಿ ಹೇಳುತ್ತೇನೆ.