ದೊಡ್ಡ ಸಂಘ ಬಿಟ್ಟ ಮಧ್ಯಾಹ್ನ

ಮೊನ್ನೆ ಶನಿವಾರ ಮಗಳ ಸ್ಕೂಲಿನ ಜಿಮ್‌ನಲ್ಲಿ ನಾನು ಕೈ ಎತ್ತಿದೆ. ಎತ್ತಿದ ಮೇಲೆ ಎಂಡೋ ಸಾನ್ ಮುಖ ನೋಡುವ ಧೈರ್ಯ ಬರಲಿಲ್ಲ.

ಮೊದಲಿಂದ ಹೇಳ್ತೀನಿ. ನಾವಿರೋದು ಜಪಾನಿನ ಸಗಮಿಹಾರಾದಲ್ಲಿ. ಇಲ್ಲಿನ ಲ್ಯಾಬಲ್ಲಿ ನನ್ನ ಕೆಲಸ. ಮಗಳದ್ದು ಪುಟ್ಟ ಪ್ರೈಮರಿ ಸ್ಕೂಲು. ಅಲ್ಲಿನ ಪೇರೆಂಟ್ಸ್ ಸಂಘದ ಕಮಿಟಿಯಲ್ಲಿ ಈ ವರ್ಷ ನಾನೂ ಇದ್ದೇನೆ. (ಆರಿಸಿದ್ದಲ್ಲ. ಕಲ್ಲು-ಕಾಗದ-ಕತ್ತರಿ ಆಟದಲ್ಲಿ ಸೋತೆ. ಇಲ್ಲಿ ಎಷ್ಟೋ ಹುದ್ದೆ ತುಂಬೋದೇ ಹೀಗೆ!)

ನಮ್ಮ ಸಂಘ ಊರಿನ ಒಕ್ಕೂಟದ ಕೆಳಗೆ. ಅದು ಪ್ರಾಂತ್ಯದ್ದರ ಕೆಳಗೆ. ಅದೂ ರಾಷ್ಟ್ರೀಯ ಒಕ್ಕೂಟದ ಕೆಳಗೆ. ಮೇಲಿಂದ ಕರೆ ಬಂದರೆ ಯಾವುದೋ ಹಾಲ್‌ನ ಕುರ್ಚಿ ತುಂಬಿಸಲು ನಾವು ಹೋಗಬೇಕು. ಒಂದು ಭಾನುವಾರ ನಾನೂ ಹೋಗಿದ್ದೆ. ಭಾಷಣ ಅರ್ಧ ಅರ್ಥವಾಯಿತು. ಉಳಿದರ್ಧ ಹೊತ್ತು ಕಿಟಕಿಯಾಚೆ ಮೋಡ ನೋಡಿದೆ. ಅತ್ತ ಮನೆಯಲ್ಲಿ ಗಂಡ, ಮಗಳು ಕೊಂಬಿನಿ ಅಂಗಡಿಯ ಅನ್ನದುಂಡೆ ತಿಂದು ಮಲಗಿದ್ದರು.

"ಸಾಕು, ನಾವು ಸ್ವತಂತ್ರ ಆಗೋಣ" ಅಂದವರು ಅಧ್ಯಕ್ಷೆ ನೊಮುರಾ ಸಾನ್. ('ಸಾನ್' ಅಂದರೆ ನಮ್ಮ 'ಅವರು' ಇದ್ದ ಹಾಗೆ.) ನರ್ಸ್, ಇಬ್ಬರು ಮಕ್ಕಳ ತಾಯಿ. ಕಮಿಟಿಯವರೆಲ್ಲ ತಲೆಯಾಡಿಸಿದರು. ನಾನಂತೂ ಸ್ವಲ್ಪ ಜೋರಾಗೇ.

ತೀರ್ಮಾನಕ್ಕೆ ಕರೆದದ್ದು ಶನಿವಾರದ ಸಭೆ. ಎತ್ತರದ ಕಿಟಕಿಗಳಿಂದ ಇಳಿದ ಬಿಸಿಲು ಮರದ ನೆಲದ ಮೇಲೆ ತೂಕಡಿಸುತ್ತಿತ್ತು. ಎಲ್ಲರ ಕಾಲಲ್ಲೂ ಸ್ಕೂಲಿನ ಹಸಿರು ಚಪ್ಪಲಿ. ಪರಭಾಷೆಯ ಸಭೆಯೇ ಒಂಥರಾ ಕನಸು. ತುಟಿ ಮೊದಲು ಅಲ್ಲಾಡತ್ತೆ, ಮಾತು ಆಮೇಲೆ ತೇಲಿಕೊಂಡು ಬರತ್ತೆ.

ಆಗ ಎಂಡೋ ಸಾನ್ ಎದ್ದರು. ಐದನೇ ಕ್ಲಾಸಿನ ಹುಡುಗಿಯ ಅಪ್ಪ, ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಮಾತು ಬಲು ಕಡಿಮೆ.

"ನಮ್ಮದು ಉತ್ತರದ ಕರಾವಳಿ. ಭೂಕಂಪದ ವರ್ಷ ಅಕ್ಕನ ಮನೆಯನ್ನ ಸಮುದ್ರ ಎಳ್ಕೊಂಡು ಹೋಯ್ತು. ಅವಳ ಮಗನಿಗೆ ಸ್ಕೂಲ್ ಬ್ಯಾಗೂ ಇರಲಿಲ್ಲ. ಎಲ್ಲಿಂದಲೋ ಒಂದು ಬಂತು. ದೂರದ ಊರಿನ ಪೇರೆಂಟ್ಸ್ ಈ ಒಕ್ಕೂಟದ ಮೂಲಕ ಕಳಿಸಿದ್ದು. ಒಳಗೆ ಪೆನ್ಸಿಲ್ ಇದ್ದವು. ಎಲ್ಲವನ್ನೂ ಚೂಪು ಮಾಡಿ ಇಟ್ಟಿದ್ದರು. ನಾಳೆ ನಮಗೇ ಹಾಗಾದರೆ? ನಾವಿಲ್ಲಿದ್ದೀವಿ ಅಂತ ಯಾರಿಗೆ ಗೊತ್ತಾಗತ್ತೆ?"

ನನ್ನ ಕಣ್ಣ ಮುಂದೆ ಯಾರೋ ಒಬ್ಬಳು ಅಮ್ಮ. ಎಂದೂ ನೋಡದ ಮಗುವಿಗಾಗಿ ಅಡುಗೆಮನೆಯ ಟೇಬಲ್ಲಿನ ಮುಂದೆ ಪೆನ್ಸಿಲ್ ಹೆರೆಯುತ್ತಾ ಕೂತಿದ್ದಾಳೆ. ಹಾಗೆ ಮಾಡು ಅಂತ ಒಕ್ಕೂಟ ಹೇಳಿತ್ತಾ? ಅವಳಿಗೇ ಅನ್ನಿಸಿತ್ತಾ?

ಒಕ್ಕೂಟ ಬಿಡೋಣ ಅನ್ನುವವರು ಕೈ ಎತ್ತಿ ಅಂದರು ನೊಮುರಾ ಸಾನ್. ನನ್ನ ಕೈ ಭಾರವಾಗಿತ್ತು. ಆದರೂ ಎತ್ತಿದೆ. ಬೇಡ ಅಂದ ಕೈ ಒಂದೇ, ಎಂಡೋ ಸಾನ್ ಅವರದು. ಆ ಒಂದು ಕೈಗೆ ನೊಮುರಾ ಸಾನ್ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಎಂಡೋ ಸಾನ್ ಕೂಡ ಬಗ್ಗಿದರು. ಆಮೇಲೆ ಎಲ್ಲರ ಜೊತೆ ಸೇರಿ ಕುರ್ಚಿ ಮಡಚಿದರು. (ನಮ್ಮ ಕಡೆ ಆಗಿದ್ದರೆ ಅಷ್ಟೊತ್ತಿಗೆ ಎರಡು ವಾಟ್ಸಾಪ್ ಗ್ರೂಪ್ ಆಗಿರ್ತಿತ್ತು!)

ಸೈಕಲ್ ಸ್ಟ್ಯಾಂಡಲ್ಲಿ ಎಂಡೋ ಸಾನ್ ಸಿಕ್ಕಾಗ "ಸುಮಿಮಾಸೆನ್" ಅಂತ ಕ್ಷಮೆ ಕೇಳಿದೆ.

"ಕವಿತಾ ಸಾನ್, ಬುಧವಾರ ಫ್ರೀ ಇದ್ದೀರಾ?" ಅಂದರು. "ಕಾಲುವೆ ಆಚೆ ಸ್ಕೂಲಿಗೆ ಹೋಗಿ ಬರೋಣ. ನೆಲ ನಡುಗಿ ನಮ್ಮ ಸ್ಕೂಲಿಗೆ ಏನಾದರೂ ಆದರೆ ನಮ್ಮ ಮಕ್ಕಳು ಅವರಲ್ಲಿಗೆ, ಅವರದಕ್ಕೆ ಆದರೆ ಅವರ ಮಕ್ಕಳು ನಮ್ಮಲ್ಲಿಗೆ. ಈಗಲೇ ಮಾತಾಡಿ ಇಡೋಣ."

"ನಾನಾ? ನನ್ನ ಜಪಾನೀಸ್ ನೋಡಿದ್ದೀರಲ್ಲ!"

"ನನಗೆ ಭಾಷೆ ಬರತ್ತೆ, ಮಾತು ಬರಲ್ಲ. ನಿಮಗೆ ಮಾತು ಬರತ್ತೆ." ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬುಧವಾರ ಹೋದೆವು. ಅಲ್ಲಿನ ಸಂಘದ ಅಧ್ಯಕ್ಷೆ ಬೇಕರಿ ನಡೆಸುವಾಕೆ. ಹಿಟ್ಟು ಮೆತ್ತಿದ ಏಪ್ರನ್‌ನಲ್ಲೇ ಓಡಿಬಂದು ಬಾರ್ಲಿ ಟೀ ಕೊಟ್ಟರು. ಎಲ್ಲದಕ್ಕೂ ಒಪ್ಪಿದರು. ಕೊನೆಗೆ ನಮ್ಮಿಬ್ಬರನ್ನೂ ನೋಡುತ್ತಾ, "ಇಷ್ಟು ವರ್ಷ ಒಂದೇ ಒಕ್ಕೂಟದಲ್ಲಿದ್ದೆವು. ನಿಮ್ಮ ಮುಖ ನೋಡಿದ್ದು ಇವತ್ತೇ" ಅಂದರು.

ಒಟ್ಟಿಗಿದ್ದಾಗ ಪರಿಚಯವಾಗದವರು ಬಿಟ್ಟ ಮೇಲೆ ಸಿಕ್ಕರೆ, ಅದಕ್ಕೆ ಬಿಟ್ಟಿದ್ದು ಅಂತಾರಾ, ಸೇರಿದ್ದು ಅಂತಾರಾ?